ಹೆಜ್ಜೆ ಡಬ್ಬಿ

ಅಕ್ಕ ತೀರಿಕೊಂಡ ಸುದ್ದಿ ಅವನನ್ನು ಮುಟ್ಟುವುದಕ್ಕೆ ಪಾರ್ಕಿನ ಮೂರು ಸುತ್ತಿನಷ್ಟು ತಡವಾಯಿತು. ಆ ಮೂರು ಸುತ್ತನ್ನೂ ಅವನೇ ಹಾಕಿದ್ದು. ಬೆಳಗಿನ ಹೊತ್ತು. ಮೊದಲ ಸುತ್ತಿನಲ್ಲಿ ಜೇಬಿನೊಳಗೆ ಫೋನು ಗುರುಗುಟ್ಟಿದಾಗ ಅದು ಅಕ್ಕನದೇ ಎಂದು ಅವನಿಗೆ ಖಾತ್ರಿಯಿತ್ತು. ಎಷ್ಟಾಯಿತು ಎಂದು ಕೇಳುವುದಕ್ಕೆ ಮಾಡಿರುತ್ತಾಳೆ, ಮಾಡಲಿ, ಮನೆಗೆ ಹೋಗಿ ಎದುರಿಗೇ ಹೇಳಿದರೆ ಅವಳ ಮುಖವನ್ನಾದರೂ ನೋಡಬಹುದು ಎಂದುಕೊಂಡು ಎತ್ತಲಿಲ್ಲ. ಎರಡನೆಯ ಸಲ ಅದು ಬಡಿದುಕೊಂಡಾಗ ಬೆಲ್ಟಿಗೆ ಸಿಕ್ಕಿಸಿದ್ದ, ಹೆಜ್ಜೆ ಎಣಿಸುವ ಡಬ್ಬಿಯನ್ನು ಓರೆಗಣ್ಣಿನಿಂದ ನೋಡಿದ. ದುಂಡು ಸಂಖ್ಯೆಗೆ ಇನ್ನು ಕೊಂಚವೇ ಬಾಕಿ. ನಿಂತು ಮಾತಾಡಿದರೆ ಲಯ ಕೆಡುತ್ತದೆ. ಮೂರನೆಯ ಸಲವಂತೂ ಬೇಕೆಂದೇ ನೆಲವನ್ನು ಇನ್ನಷ್ಟು ಜೋರಾಗಿ ತುಳಿದ. ಬಾಯಲ್ಲಿ ದೇವರ ನಾಮ, ಕಣ್ಣಲ್ಲಿ ಡಬ್ಬಿಯ ಅಂಕಿ, ಹೀಗೆ ಇಹಪರಗಳೆರಡನ್ನೂ ಒಟ್ಟಿಗೆ ಸಾಗಿಸುತ್ತ ಆರು ಸಾವಿರ ಮುಟ್ಟಿಸಿ, ಆಮೇಲೆ ಮನೆಯ ಕಡೆ ತಿರುಗಿದ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಬರೀ ಆರು ಸಾವಿರ ಎಂದರೆ ಸಪ್ಪೆ. ನಿನ್ನೆ ನೀನು ನಡೆದದ್ದಕ್ಕೆ ಹತ್ತರಷ್ಟು ಎಂದರೆ ಚುರುಕು ಮುಟ್ಟುತ್ತದೆ. ಇಲ್ಲ, ಮೊದಲು ನೀರು ಕುಡಿದು, ಬಾಯೊರೆಸಿಕೊಂಡು, ಏನೂ ದೊಡ್ಡದಲ್ಲವೆಂಬಂತೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಸುಮ್ಮನಿದ್ದುಬಿಡುವುದು. ಅದೇ ಸರಿ.

ಅವರ ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟು ಇಲ್ಲದ ಹಳೆಯ ಕಟ್ಟಡ. ಎರಡನೆಯ ಮಹಡಿ ದಾಟಿ ಮೆಟ್ಟಿಲು ತಿರುಗುವ ಕಡೆ ಜನ ನಿಂತಿದ್ದರು. ಅವರ ಕಾಲುಗಳ ನಡುವೆ ಅಕ್ಕ ಕಂಡಳು. ಗೋಡೆಗೆ ಒರಗಿ, ಬ್ರೆಡ್ಡಿನ ಚೀಲವನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ದಣಿವಾರಿಸಿಕೊಳ್ಳುವವಳ ಹಾಗೆ ಕೂತಿದ್ದಳು. ಎರಡನೆಯ ಮಹಡಿಯ ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಅವಳ ಕೈ ಹಿಡಿದಿದ್ದಳು. ಅವನನ್ನು ನೋಡಿ, “ಎಲ್ಲಿ ಹೋಗಿದ್ರಿ ಗಡಿಯಾರದವರೇ? ಎಷ್ಟು ಸಲ ಫೋನ್ ಮಾಡೋದು?” ಎಂದಳು. ಅವನ ಬಾಯಿ ತೆರೆಯಿತು. ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಮಾತು, ಬಾಗಿಲು ತೆರೆದೊಡನೆ ನುಗ್ಗುವ ಬೆಕ್ಕಿನ ಹಾಗೆ, ತಾನೇ ಹೊರಗೆ ಬಂತು. “ಆರು ಸಾವಿರ ಆಯ್ತು” ಎಂದ.

ಯಾರೂ ನಗಲಿಲ್ಲ. ಪಾಪ, ಆಘಾತ ಎಂದರು. ಯಾರೋ ಮೊಣಕೈ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದರು. ಆ ‘ಪಾಪ’ವನ್ನು ಅವನು ಬೇಡವೆನ್ನದೆ ಇಟ್ಟುಕೊಂಡ. ಬಂದ ಡಾಕ್ಟರು ಹೃದಯ ತಿಂಗಳುಗಳಿಂದ ಸೋಲುತ್ತ ಬಂದಿರಬೇಕು ಎಂದರು. ಕಾಲು ಬಾವು ಬರ್ತಿತ್ತೇ, ನಡಿಗೆ ನಿಧಾನ ಆಗಿತ್ತೇ ಎಂದು ಕೇಳಿದರು. ಅವನು ಬ್ರೆಡ್ಡಿನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹೋಗುವಾಗ ಟೈಲರಮ್ಮ, ಸೊಂಟದಲ್ಲಿತ್ತು, ಚುಚ್ಚಬಾರದು ಅಂತ ತೆಗೆದೆ, ಎಂದು ಅಕ್ಕನ ಹೆಜ್ಜೆ ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಮಾಡಿದ ಮೊದಲ ಕೆಲಸವೆಂದರೆ ಅದರ ಅಂಕಿ ನೋಡಿದ್ದು. ತಮ್ಮನೆಂಬ ಪ್ರಾಣಿಗೆ ದೇವರು ಯಾಕೆ ಕಣ್ಣು ಕೊಟ್ಟನೋ. ತೀರ ಸಣ್ಣ ಅಂಕಿ. ಗೆದ್ದೆ ಎಂದು ಒಳಗೆ ಏನೋ ಒಂದು ಎದ್ದು, ನಾಚಿ, ಮತ್ತೆ ಕೂತಿತು.

ಆ ಡಬ್ಬಿಗಳನ್ನು ಕಳಿಸಿದ್ದು ಅಕ್ಕನ ಮಗಳು ಪುಟ್ಟಿ. ಬೇರೆ ಊರಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಬಳಿ ಸಹಾಯಕಿಯಾಗಿರುವವಳು. ಅವನಿಗೆ ಸಕ್ಕರೆ ಕಾಯಿಲೆ ಏರಿದೆ ಎಂದು ಗೊತ್ತಾದ ವಾರವೇ ಬೆಂಕಿಪೊಟ್ಟಣದಷ್ಟು ದೊಡ್ಡ, ಅದಕ್ಕಿಂತ ಹಗುರವಾದ ಎರಡು ಪ್ಲಾಸ್ಟಿಕ್ ಡಬ್ಬಿಗಳು ಅಂಚೆಯಲ್ಲಿ ಬಂದಿದ್ದವು. ಹಿಂದೆ ಒಂದು ಕ್ಲಿಪ್ಪು, ಮುಂದೆ ಅಂಕಿ ಕಾಣುವ ಕಿಂಡಿ, ಕೆಳಗೆ ಸೊನ್ನೆ ಮಾಡುವ ಗುಂಡಿ. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿ, ಸ್ಪ್ರಿಂಗಿನ ಉಸಿರಾಟವನ್ನು ಕಿವಿಯಿಂದಲೇ ತೂಗಿ ಹೇಳುತ್ತಿದ್ದವನಿಗೆ ಇದು ಆಟಿಕೆ. ಇದನ್ನು ಕಟ್ಟಿಕೊಂಡು ತಿರುಗುವುದಕ್ಕಿಂತ ಕೊರಳಿಗೆ ಗಂಟೆ ಕಟ್ಟಿಕೊಳ್ಳುವುದು ಮೇಲು ಎಂದಿದ್ದ. ಆದರೆ ಅಕ್ಕ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೂ ಅವಳು ಅಡುಗೆಮನೆಯಿಂದ ಹಜಾರಕ್ಕೆ ಬಂದರೆ ಕಪಾಟಿನ ಲೋಟಗಳು ಸದ್ದು ಮಾಡುತ್ತಿದ್ದವು. ಮೊದಲ ಸಂಜೆಯೇ ಚಹಾ ಮುಂದಿಟ್ಟುಕೊಂಡು “ಎಷ್ಟಾಯ್ತೋ?” ಎಂದು ಕೇಳಿದಳು. ಅವನು ಹೇಳಿದ ಅಂಕಿಯನ್ನು ಕೇಳಿ, ಅಷ್ಟಕ್ಕೆ ಡಬ್ಬಿ ಯಾಕೆ, ಬೆರಳು ಸಾಲ್ತಿತ್ತಲ್ಲ ಎಂದು ನಕ್ಕಳು. ಅಂದಿನಿಂದ ಶುರುವಾಯಿತು. ಗಂಡ ಸತ್ತ ಮೇಲೆ ಅಕ್ಕ ಅವನ ಮನೆಗೆ ಬಂದಿದ್ದಳು. ಅಲ್ಲಿಂದ ಎಷ್ಟೋ ವರ್ಷ ಅವರಿಬ್ಬರ ನಡುವೆ ಮಾತಾಡಲು ಉಳಿದಿದ್ದುದು ನೆಗಡಿ, ನೆಂಟರು, ಗ್ಯಾಸಿನ ಸಿಲಿಂಡರು ಇಷ್ಟೇ. ಈಗ ದಿನಕ್ಕೊಂದು ಜಗಳ ಸಿಕ್ಕಿತು. ಇಬ್ಬರಿಗೂ ಊಟ ರುಚಿಸತೊಡಗಿತು.

ಡಬ್ಬಿ ಬಹಳ ಬೇಗ ಅವನನ್ನು ಹಾಳುಮಾಡಿತು. ಬೂಟಿನ ಲಾಡಿ ಕಟ್ಟಲು ಬಗ್ಗಿದರೆ ಹೊಟ್ಟೆ ಗುಂಡಿಯನ್ನು ಒತ್ತಿ ಬೆಳಗಿನ ನಡಿಗೆಯೆಲ್ಲ ಸೊನ್ನೆಯಾಗುತ್ತಿತ್ತು, ಆದ್ದರಿಂದ ಬಗ್ಗುವುದನ್ನೇ ಬಿಟ್ಟು ಲಾಡಿಯಿಲ್ಲದ ಬೂಟು ಕೊಂಡ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರೆ ಕುಲುಕಾಟವನ್ನೂ ಅದು ಹೆಜ್ಜೆಯೆಂದೇ ಎಣಿಸುತ್ತದೆ ಎಂದು ತಿಳಿದ ದಿನದಿಂದ ಮುಂದೆ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ಕೂರುತ್ತಿದ್ದ. ಸೊಂಟ ನೋವು ಬಂದದ್ದು ಬೇರೆ ಮಾತು. ಒಮ್ಮೆ ಅದು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಕಣ್ಣು ಮುಚ್ಚಿತು. ಕಿಟಕಿಯಲ್ಲಿ ಎರಡು ದಿನ ಒಣಗಿಸಿ, ಅದು ಮತ್ತೆ ಅಂಕಿ ತೋರಿಸಿದಾಗ ದೇವರ ಪಟದ ಮುಂದೆ ಕೈಮುಗಿದು ನಿಂತ. ಇಂಥದ್ದಕ್ಕೆಲ್ಲ ತನ್ನನ್ನು ಕರೆಯಬಹುದು ಎಂದು ದೇವರಿಗೂ ಅಂದೇ ಗೊತ್ತಾಗಿರಬೇಕು. ಇಷ್ಟಾದರೂ ಅಕ್ಕ ಮೂರು ಪಟ್ಟು ಮುಂದಿದ್ದಳು. ಆಗ ಅವನು ರೇಡಿಯೋ ಕೇಳುವ ನೆಪದಲ್ಲಿ ಕುರ್ಚಿಯಲ್ಲಿ ಕೂತು ಡಬ್ಬಿಯನ್ನು ಮೊಣಕಾಲಿಗೆ ಬಡಿಯತೊಡಗಿದ. ಕೈ ಸೋತಾಗ ಒಂದು ಮಧ್ಯಾಹ್ನ, ಅಕ್ಕ ಮಲಗಿದ್ದಾಗ, ಡಬ್ಬಿಯನ್ನು ಗೋಡೆ ಗಡಿಯಾರದ ಲೋಲಕಕ್ಕೆ ಸಿಕ್ಕಿಸಿದ. ತಾನು ಕೂತಿರಬೇಕು, ಗಡಿಯಾರ ತನ್ನ ಪರವಾಗಿ ನಡೆಯಬೇಕು. ಜೀವನವಿಡೀ ಗಡಿಯಾರಗಳಿಗೆ ಮಾಡಿದ ಸೇವೆಗೆ ಇಷ್ಟಾದರೂ ಫಲ ಬೇಡವೇ? ಗಂಟೆ ಕಳೆದು ನೋಡಿದರೆ ಒಂದೇ ಒಂದು ಹೆಜ್ಜೆ ಏರಿರಲಿಲ್ಲ. ಓಹೋ, ಇದಕ್ಕೆ ಕುಲುಕು ಬೇಕು, ಮೆತ್ತಗಿನ ತೂಗಾಟ ಸಾಲದು ಎಂದು ಅವನು ಆಗಲೇ ಕಂಡುಕೊಂಡ. ಕಂಡುಕೊಂಡು, ಮತ್ತೆ ಮೊಣಕಾಲಿಗೆ ಬಡಿಯಲು ಕೂತ.

ಅಂತ್ಯಕ್ರಿಯೆಯ ದಿನ ವಾಹನದ ಹಿಂದೆ ಎಲ್ಲರೂ ನಡೆದರು. ಪುಟ್ಟಿ ಅವನ ಪಕ್ಕದಲ್ಲಿದ್ದಳು. ಉದ್ದ ರಸ್ತೆ, ವಾಹನ ಬಹಳ ಮೆಲ್ಲಗೆ ಹೋಗುತ್ತಿತ್ತು, ಹಿಂದಿನವರು ಕಾಲೆಳೆದುಕೊಂಡು ಹೋದರು. ಅವನು ದೇವರನ್ನೇ ನೆನೆಯಬೇಕೆಂದು ನೆನೆಯುತ್ತಿದ್ದ, ನಡುನಡುವೆ ಮುಂದಿನವರ ಕಾಲಿನ ಚಪ್ಪಲಿ ನೋಡುತ್ತಿದ್ದ. ಎಲ್ಲ ಮುಗಿಸಿ ಬಂದು, ಮೈ ತೊಳೆದು, ಪ್ಯಾಂಟನ್ನು ಮೊಳೆಗೆ ಹಾಕುವಾಗ ಬೆಲ್ಟಿನಲ್ಲಿ ಡಬ್ಬಿ ಇನ್ನೂ ಇದ್ದುದು ಕಂಡಿತು. ಅಭ್ಯಾಸದ ಕೈ ಬೆಳಿಗ್ಗೆ ಸಿಕ್ಕಿಸಿಬಿಟ್ಟಿತ್ತು. ಅಭ್ಯಾಸದ ಕಣ್ಣು ನೋಡಿಯೂಬಿಟ್ಟಿತು. ಅಂಕಿ ಬೆಳಿಗ್ಗೆ ಇದ್ದಲ್ಲಿಂದ ಹೆಚ್ಚೇನೂ ಕದಲಿರಲಿಲ್ಲ. ಅವನಿಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ದೂರ ನಡೆದದ್ದೇನು, ಬಿಸಿಲೇನು, ಅದೆಲ್ಲ ಲೆಕ್ಕಕ್ಕೇ ಇಲ್ಲವೇ? ಸತ್ತವಳ ಹಿಂದೆ ನಡೆದದ್ದಕ್ಕೂ ಅಂಕಿ ಬೇಕೆಂದು ತಕರಾರು ಮಾಡುತ್ತ, ಒಳ ಚಡ್ಡಿಯಲ್ಲಿ ನಿಂತಿದ್ದ ಆ ಮುದುಕನಿಗೆ, ಆ ತಕರಾರಿನ ನಡುವೆಯೇ, ಅಕ್ಕನ ಡಬ್ಬಿಯ ಸಣ್ಣ ಅಂಕಿ ನೆನಪಾಯಿತು. ಮೂರು ಮಹಡಿ ಇಳಿದು, ಮೂಲೆಯ ಅಂಗಡಿಗೆ ಹೋಗಿ, ಬ್ರೆಡ್ಡು ಕೊಂಡು, ಎರಡೂವರೆ ಮಹಡಿ ಹತ್ತಿ ಬಂದವಳ ಅಂಕಿಯೇ ಅದು? ಆ ಮೆಟ್ಟಿಲುಗಳಿಗೇ ಅದು ಸಾಲುತ್ತಿರಲಿಲ್ಲ. ಅವನು ಮಂಚದ ಮೇಲೆ ಕೂತ. ಲೋಲಕದ ಮೆತ್ತಗಿನ ತೂಗಾಟವನ್ನು ಡಬ್ಬಿ ಎಣಿಸದೆ ಇದ್ದುದು ನೆನಪಾಯಿತು.

ಎರಡು ತಿಂಗಳ ಹಿಂದಿನಿಂದ ಅಕ್ಕನ ಅಂಕಿ ಇಳಿಯುತ್ತ ಬಂದಿತ್ತು. ಮೊದಲು ಅವನಿಗೆ ಸಮವಾಯಿತು, ಆಮೇಲೆ ಅರ್ಧವಾಯಿತು. ಅವನು ಮೊಣಕಾಲಿಗೆ ಬಡಿಯುವುದನ್ನು ಬಿಟ್ಟು ನಿಜವಾಗಿ ನಡೆಯತೊಡಗಿದ್ದು ಆಗಲೇ. ಗೆಲುವು ಕೈಗೆಟುಕುವಂತಿದ್ದಾಗ ಮನುಷ್ಯನಿಗೆ ಪ್ರಾಮಾಣಿಕನಾಗುವುದು ಸುಲಭ. ಸಂಜೆ ಎಷ್ಟಾಯಿತು ಎಂದು ಈಗ ಅವನು ಮೊದಲು ಕೇಳುತ್ತಿದ್ದ. ಡ್ರಿಲ್ ಟೀಚರು ಗಂಟೆ ಮುಳ್ಳಾಗಿಬಿಟ್ಟರು, ನಡೆಯೋದು ಕಾಣೋದೇ ಇಲ್ಲ ಎನ್ನುತ್ತಿದ್ದ. ಅಕ್ಕ ಉಸಿರು ಎಳೆದುಕೊಂಡು, “ಜನ ಊಟಕ್ಕೆ ಏಳೋದು ಗಂಟೆ ಮುಳ್ಳು ನೋಡಿ ಕಣೋ, ಸೆಕೆಂಡ್ ಮುಳ್ಳು ನೋಡಿ ಅಲ್ಲ” ಎಂದಿದ್ದಳು. ಆ ಉತ್ತರ ಚೆನ್ನಾಗಿದೆ ಎಂದು ಅವನಿಗೆ ಹೊಟ್ಟೆಕಿಚ್ಚಾಗಿತ್ತು. ಆ ಉಸಿರನ್ನು ಕೇಳಲಿಲ್ಲ. ಲೋಟಗಳು ಸದ್ದು ಮಾಡುವುದನ್ನು ನಿಲ್ಲಿಸಿದ್ದವು, ಅದನ್ನೂ ಕೇಳಲಿಲ್ಲ. ಕೈಗಡಿಯಾರವೊಂದು ದಿನಕ್ಕೆ ಅರ್ಧ ನಿಮಿಷ ಹಿಂದೆ ಬಿದ್ದರೆ ಮೇಜಿನಾಚೆಯಿಂದಲೇ ಹೇಳುತ್ತಿದ್ದ ಕಿವಿಯದು. ಅಕ್ಕ ಒಂದು ಕೈಯನ್ನು ಗೋಡೆಗೆ ಸವರುತ್ತ, ಚಪ್ಪಲಿಯನ್ನು ನೆಲದಿಂದ ಎತ್ತದೆ ಜಾರಿಸುತ್ತ, ಬಾಗಿಲು ಬಂದಲ್ಲಿ ನಿಂತು ಬಾಗಿಲನ್ನು ಮುಚ್ಚುವ ನೆಪ ಮಾಡುತ್ತ ನಡೆಯುತ್ತಿದ್ದಳು. ಅದನ್ನು ಅವನು ನೋಡದೆ ಇರಲಿಲ್ಲ. ನೋಡಿದ್ದ, ಒಂದು ದಿನ ಟೈಲರಮ್ಮನ ಮುಂದೆ ಅದೇ ನಡಿಗೆಯನ್ನು ನಡೆದು ತೋರಿಸಿ ನಗಿಸಿಯೂ ಇದ್ದ.

ಆಮೇಲೆ ಒಂದು ಸಂಜೆ ಅಕ್ಕ ಡಬ್ಬಿಯನ್ನು ಸೊಂಟದಿಂದ ತೆಗೆದು ಅವನ ಮುಂದಿಟ್ಟಿದ್ದಳು. “ಇದು ಸರಿಯಾಗಿ ಎಣಿಸುತ್ತೇನೋ ನೋಡು ಸ್ವಲ್ಪ. ನಾನು ನಡೀತಾ ಇದ್ದೀನಿ ಕಣೋ. ಇದು ಇಲ್ಲ ಅನ್ನುತ್ತೆ” ಎಂದಿದ್ದಳು. ಅವಳು ಅವನ ಕಸುಬನ್ನು ನಂಬಿ ಏನಾದರೂ ಕೇಳಿದ್ದು ಬಹುಶಃ ಅದೇ ಮೊದಲು. ಅಂಗಡಿಯಲ್ಲಾಗಿದ್ದರೆ ಎರಡು ರೂಪಾಯಿಯ ಗಡಿಯಾರವನ್ನೂ ಅವನು ತೊಟ್ಟವನ ಕೈಯಲ್ಲಿರುವ ಹಾಗೆಯೇ ಹಿಡಿದು, ಮಲಗಿಸಿ, ಮಗುಚಿ, ರಾತ್ರಿಯಿಡೀ ಬಿಟ್ಟು ನೋಡದೆ ಹಿಂದಕ್ಕೆ ಕೊಟ್ಟವನಲ್ಲ. ಗಡಿಯಾರ ಕೆಟ್ಟಿದೆ ಎಂದರೆ ಮೊದಲು ತೊಡುವವನು ಹೇಗಿದ್ದಾನೆ ನೋಡು ಎಂದು ಕೈಕೆಳಗಿನವರಿಗೆ ಪಾಠ ಹೇಳುತ್ತಿದ್ದವನು. ಆ ಸಂಜೆ ಡಬ್ಬಿಯನ್ನು ಕಿವಿಯ ಬಳಿ ಹಿಡಿದು, ತನ್ನ ಕೈಯಿಂದ, ಮೊಣಕಾಲಿಗೆ ಬಡಿದು ಪಳಗಿದ್ದ ಅದೇ ಕೈಯಿಂದ, ಹತ್ತು ಸಲ ಕುಲುಕಿದ. ಹತ್ತು ಏರಿತು. “ಯಂತ್ರ ಚೆನ್ನಾಗಿದೆ ಅಕ್ಕ. ಕಾಲನ್ನು ರಿಪೇರಿಗೆ ಕೊಡು” ಎಂದ. ತನ್ನ ಮಾತಿಗೆ ತಾನೇ ನಕ್ಕ. ಅಕ್ಕ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹಾಗಾದರೆ ನಾನೇ ನಡೀತಿಲ್ಲ ಅಂತಾಯ್ತು ಎಂದು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನದಿಂದ ಬೆಳಿಗ್ಗೆ ಬ್ರೆಡ್ಡು ತರಲು ತಾನೇ ಹೋಗುತ್ತೇನೆ ಎಂದಳು. ಹೋಗಲಿ, ಒಂದಿಷ್ಟು ಮೈ ಬಳುಕಲಿ ಎಂದು ಅವನು ಒಪ್ಪಿದ.

ಕಾರ್ಯಗಳೆಲ್ಲ ಮುಗಿದು, ಪುಟ್ಟಿ ಮರುದಿನ ಹೊರಡುವವಳಿದ್ದಳು. ಹಜಾರದಲ್ಲಿ ಮಾತಾಡಿಸಲು ಬಂದ ನೆಂಟರ ಮುಂದೆ ಅವಳು ಅಳುತ್ತಿರಲಿಲ್ಲ, ಅಮ್ಮನ ಮೇಲೆ ಸಿಟ್ಟಾಗಿದ್ದಳು. ಎಷ್ಟು ಹೇಳಿದರೂ ನಡೆಯಲಿಲ್ಲ, ಬೇರೆಯವರ ಮಕ್ಕಳನ್ನು ಮೈದಾನದ ಸುತ್ತ ಓಡಿಸಿದವಳು ತನ್ನ ಹೃದಯಕ್ಕೋಸ್ಕರ ನಾಲ್ಕು ಹೆಜ್ಜೆ ಹಾಕಲಿಲ್ಲ, ಮಾಮ ವಾರವಾರವೂ ಫೋನಿನಲ್ಲಿ ಅವಳ ಅಂಕಿ ಹೇಳುತ್ತಿದ್ದ, ಕೊನೆಯ ಸಲ ನಾನು ಬೈದೇಬಿಟ್ಟೆ ಎನ್ನುತ್ತಿದ್ದಳು. ನೆಂಟರು ತಲೆಯಾಡಿಸಿದರು. ವಯಸ್ಸಾದ ಮೇಲೆ ಮೊಂಡು ಜಾಸ್ತಿ ಎಂದರು. ಅಕ್ಕ ಸೋಮಾರಿಯೆಂಬುದು ಅವನ ಮನೆಯ ಹಜಾರದಲ್ಲಿ, ಅವನ ಕುರ್ಚಿಗಳ ಮೇಲೆ ಕೂತವರ ಬಾಯಲ್ಲಿ, ಗಾದೆಯಂತೆ ಗಟ್ಟಿಯಾಗುತ್ತಿತ್ತು. ಅವನು ಎಲ್ಲರಿಗೂ ಚಹಾ ಕೊಟ್ಟ. ಹೇಳಬೇಕು ಎಂದುಕೊಂಡು ತಟ್ಟೆ ಹಿಡಿದು ನಿಂತ. ಸಕ್ಕರೆ ಸಾಕೇ ಎಂದು ಕೇಳಿದ. ಹೇಳಿದರೆ ಅಕ್ಕನ ಹೆಸರು ಉಳಿಯುತ್ತದೆ. ಆದರೆ ನಿಜವಾಗಿ ನಡೆಯುತ್ತಿದ್ದ ತಾಯಿಯನ್ನು ಬೈದೆನೆಂಬುದು ಪುಟ್ಟಿಗೆ ಬದುಕಿರುವ ತನಕ ಉಳಿಯುತ್ತದೆ. ಅವಳ ಒಳ್ಳೆಯದಕ್ಕೇ ಸುಮ್ಮನಿರುವುದು ಮೇಲಲ್ಲವೇ ಎಂದು ಒಳಗಿನವನೊಬ್ಬ ಬಹಳ ಕರುಣೆಯಿಂದ ಕೇಳಿದ. ಆ ಕರುಣಾಳುವಿನ ದನಿ ಅವನಿಗೆ ಚೆನ್ನಾಗಿ ಗೊತ್ತು. ರೇಡಿಯೋ ಕೇಳುತ್ತ ಕೂರು, ತಪ್ಪೇನಿಲ್ಲ ಎಂದಿದ್ದವನೂ ಅವನೇ.

ಬೆಳಿಗ್ಗೆ ದೇವರ ಮುಂದೆ ಕೂತರೆ ನಾಮ ಬಾಯಿಗೆ ಬರಲಿಲ್ಲ. ಎದ್ದು ತನ್ನ ಹಳೆಯ ಸ್ಕ್ರೂಡ್ರೈವರು, ಚಿಮಟ ತೆಗೆದುಕೊಂಡು ಕಿಟಕಿಯ ಬಳಿ ಅಕ್ಕನ ಡಬ್ಬಿಯನ್ನು ಬಿಚ್ಚಿದ. ಒಳಗೆ ಹೆಚ್ಚೇನೂ ಇಲ್ಲ. ಒಂದು ಪುಟ್ಟ ಕಬ್ಬಿಣದ ತುಂಡು, ಅದನ್ನು ಎತ್ತಿ ಹಿಡಿದ ಕೂದಲೆಳೆಯಷ್ಟು ಸ್ಪ್ರಿಂಗು, ಕೆಳಗೆ ಒಂದು ತಗಡು. ಮೈ ಕುಲುಕಿದರೆ ತುಂಡು ಕೆಳಗೆ ಬಡಿದು ಒಂದು ಎಂದು ಎಣಿಸುತ್ತದೆ. ಕುಲುಕದಿದ್ದರೆ ಅದು ಕದಲುವುದಿಲ್ಲ. ಕೆಟ್ಟದ್ದೇನೂ ಇರಲಿಲ್ಲ. ಯಂತ್ರ ಚೆನ್ನಾಗಿದೆ ಎಂದು ಅವನು ಹೇಳಿದ್ದು ನಿಜವೇ ಆಗಿತ್ತು. ಮತ್ತೆ ಮುಚ್ಚಿ, ಸ್ಕ್ರೂ ತಿರುಗಿಸಿ, ಪುಟ್ಟಿಯನ್ನು ಕರೆದ. ಅವಳು ಚೀಲ ಕಟ್ಟುವುದನ್ನು ಬಿಟ್ಟು ಬಂದಳು.

“ಅಂಗಡಿಯ ತನಕ ಬಾ ಪುಟ್ಟಿ, ಬ್ರೆಡ್ಡು ತರೋಣ” ಎಂದ.

“ಯಾಕೆ ಮಾಮ, ಇದೆಯಲ್ಲ ಮನೆಯಲ್ಲಿ.”

“ಇರಲಿ ಬಾ. ಇದನ್ನು ಕೈಯಲ್ಲಿ ಹಿಡ್ಕೋಬೇಡ, ನನ್ನ ಬೆಲ್ಟಿಗೆ ಸಿಕ್ಕಿಸು. ಸೊನ್ನೆ ಮಾಡು. ನನ್ನನ್ನು ನೋಡಬೇಡ, ಅದನ್ನು ನೋಡ್ತಾ ಬಾ.”

ಬಾಗಿಲಿಂದ ಹೊರಗೆ ಬಂದು ಅವನು ಎಡಗೈಯನ್ನು ಗೋಡೆಗೆ ಇಟ್ಟ. ಚಪ್ಪಲಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ಜಾರಿಸಿದ. ಟೈಲರಮ್ಮನನ್ನು ನಗಿಸಲು ಕಲಿತಿದ್ದ ನಡಿಗೆ ಕಾಲಿಗೆ ಒಂದೂ ತಪ್ಪದೆ ನೆನಪಿತ್ತು. ಮೆಟ್ಟಿಲಿಗೆ ಎರಡೂ ಪಾದ ಇಟ್ಟು, ನಿಂತು, ಮತ್ತೊಂದಕ್ಕೆ ಇಳಿದ. ತಿರುವಿನಲ್ಲಿ ನಿಂತು ಸೆರಗಿಲ್ಲದ ಹೆಗಲನ್ನು ಸರಿಮಾಡಿಕೊಂಡ. ಹಾಗೆ ಸರಿಮಾಡಿಕೊಳ್ಳುತ್ತಿದ್ದುದು ಉಸಿರಿಗಾಗಿ ಎಂದು ಅವನ ಎದೆಗೆ ಈಗ ತಿಳಿಯಿತು. ಹಿಂದೆ ಪುಟ್ಟಿ ಇನ್ನೂ ಸಿಟ್ಟಿನಲ್ಲೇ ಇದ್ದಳು, ಏನು ಆಟ ಮಾಮ ಇದು ಎಂದಳು. ಎರಡನೆಯ ಮಹಡಿಗೆ ಬಂದಾಗ ಟೈಲರಮ್ಮ ಬಾಗಿಲಲ್ಲಿ ಬಟ್ಟೆ ಕೊಡವುತ್ತಿದ್ದವಳು ತಲೆಯೆತ್ತಿ ನೋಡಿದಳು. ಈ ಸಲ ನಗಲಿಲ್ಲ. ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆಗ ಪುಟ್ಟಿಯ ಹೆಜ್ಜೆಗಳೂ ಹಿಂದೆ ನಿಧಾನವಾದವು. ಸ್ವಲ್ಪ ಹೊತ್ತಿನ ಮೇಲೆ ಬಹಳ ಮೆಲ್ಲಗೆ, “ಅಮ್ಮ ಬಾಗಿಲ ಹತ್ತಿರ ಇನ್ನೂ ಸ್ವಲ್ಪ ನಿಲ್ತಾ ಇದ್ದಳು, ಮಾಮ. ಹೋದ ಸಲ ಬಂದಾಗ ನೋಡಿದ್ದೆ” ಎಂದಳು. ಅವನು ಇನ್ನೂ ಸ್ವಲ್ಪ ನಿಂತ. ರಸ್ತೆಯಲ್ಲಿ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ, ಸುತ್ತು ಹಾಕಿಕೊಂಡು ಹೋದ. ಮೂಲೆಯ ಅಂಗಡಿಯವನು ಕೇಳದೆಯೇ ಬ್ರೆಡ್ಡು ಕೊಟ್ಟ. ಡ್ರಿಲ್ ಟೀಚರು ಇಲ್ಲಿ ಸ್ಟೂಲ್ ಮೇಲೆ ಕೂತು ಹೋಗ್ತಿದ್ದರು, ಹಿಂದಕ್ಕೆ ಹೋಗೋದೇ ಕಷ್ಟ ಅಂತಿದ್ದರು, ಆದರೂ ಒಂದು ದಿನವೂ ತಪ್ಪಿಸಲಿಲ್ಲ ಎಂದ. ಅವನು ಸ್ಟೂಲಿನ ಮೇಲೂ ಕೂತ. ಅಷ್ಟರಲ್ಲಿ ಅವನಿಗೆ ಅಣಕವೆಂಬುದು ಮರೆತೇಹೋಗಿತ್ತು. ಕಾಲು ನಿಜವಾಗಿ ಭಾರವಾಗಿತ್ತು.

ತಿರುಗಿ ಹತ್ತಿ, ಎರಡನೆಯ ಮಹಡಿ ದಾಟಿ, ಅಕ್ಕ ಕೂತಿದ್ದ ತಿರುವಿಗೆ ಬಂದು ನಿಂತರು. “ಎಷ್ಟಾಯ್ತು?” ಎಂದು ಅವನು ಕೇಳಿದ. ಆ ಪ್ರಶ್ನೆ ಬಾಯಿಂದ ಬಿದ್ದೊಡನೆ ಅವನಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು.

ಪುಟ್ಟಿ ಬಗ್ಗಿ ಅವನ ಸೊಂಟದ ಡಬ್ಬಿ ನೋಡಿದಳು. ಮತ್ತೆ ನೋಡಿದಳು. “ಇದರಲ್ಲಿ ಏನೂ ಇಲ್ಲ ಮಾಮ. ಏಳೋ ಎಂಟೋ ಇದೆ” ಎಂದಳು.

ಅವನು ಎಲ್ಲವನ್ನೂ ಹೇಳಿದ. ಲೋಲಕ, ಮೊಣಕಾಲು, ಹತ್ತು ಸಲ ಕುಲುಕಿದ್ದು, ಕಾಲನ್ನು ರಿಪೇರಿಗೆ ಕೊಡು ಎಂದದ್ದು. ಹೇಳುವಾಗ ಆ ತಮಾಷೆಯ ಮಾತಿಗೆ ಹಳೆಯ ನಗು ತುಟಿಯ ಕೊನೆಗೆ ಬಂದುಬಿಟ್ಟಿತು. ತಾನು ಎಂಥವನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಪುಟ್ಟಿ ಕೇಳಿಸಿಕೊಂಡು ಗೋಡೆಯನ್ನು ನೋಡುತ್ತ ನಿಂತಳು. ಅಕ್ಕನ ತಲೆ ಒರಗಿದ್ದ ಕಡೆ ಗೋಡೆಯ ಸುಣ್ಣ ಸ್ವಲ್ಪ ನುಣುಪಾಗಿತ್ತು, ಅಥವಾ ಅವರಿಗೆ ಹಾಗೆ ಕಂಡಿತು.

“ನಡೀತಾ ಇದ್ದೀನಿ ಕಣೇ ಅಂದಳು ಮಾಮ, ಫೋನಿನಲ್ಲಿ. ಸುಳ್ಳು ಹೇಳಬೇಡ ಅಂತ ಬೈದೆ.”

“ಬೈದವಳು ನೀನಲ್ಲ. ಬೈಸಿದವನು ನಾನು.”

ಅವಳು ಅವನನ್ನು ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಅವನ ಬೆಲ್ಟಿನಿಂದ ಡಬ್ಬಿ ತೆಗೆದು, ಸೊನ್ನೆ ಮಾಡದೆ, ತನ್ನ ಕರವಸ್ತ್ರದಲ್ಲಿ ಸುತ್ತಿಕೊಂಡಳು. ಆಮೇಲೆ ಮೆಟ್ಟಿಲ ಮೇಲೆ ಕೂತು, ಬಂದ ದಿನದಿಂದ ಅಳದೆ ಇದ್ದುದನ್ನೆಲ್ಲ ಅತ್ತಳು. ಮಧ್ಯಾಹ್ನ ಹೊರಡುವ ಮುಂಚೆ, ಉಳಿದಿದ್ದ ನೆಂಟರ ಎದುರು, ಅಮ್ಮ ಕೊನೆಯ ದಿನದ ತನಕ ನಡೆದಳು, ನಮಗೇ ಗೊತ್ತಾಗಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ‘ನಮಗೆ’ ಎಂದಳು. ಆ ಮಾತಿನೊಳಗೆ ತನಗೂ ಜಾಗ ಮಾಡಿಕೊಟ್ಟಳಲ್ಲ ಎಂದು ಅವನು ಚಹಾದ ತಟ್ಟೆಯ ಹಿಂದೆ ಮುಖ ಮರೆಸಿಕೊಂಡ.

ಅವಳನ್ನು ಬಸ್ಸು ಹತ್ತಿಸಿ ಬಂದು, ಬಿಸಿಲು ಇನ್ನೂ ಇರುವಾಗಲೇ, ಅವನು ತಿರುವಿನಲ್ಲಿ ಕೂತ. ತನ್ನ ಡಬ್ಬಿಯನ್ನು ಬೆಲ್ಟಿನಿಂದ ತೆಗೆದು ಜೇಬಿಗೆ ಹಾಕಿಕೊಂಡ. ಎಸೆಯುವಷ್ಟು ದೊಡ್ಡ ಮನುಷ್ಯ ತಾನಲ್ಲ, ಅದು ಅವನಿಗೆ ಗೊತ್ತು, ನಾಳೆ ಬೆಳಿಗ್ಗೆ ಮತ್ತೆ ಸಿಕ್ಕಿಸಿಕೊಂಡೇ ಹೋಗುತ್ತಾನೆ. ಕೆಳಗೆ ಟೈಲರಮ್ಮನ ಹೊಲಿಗೆ ಯಂತ್ರ ನಡೆಯುತ್ತಿತ್ತು, ನಿಲ್ಲುತ್ತಿತ್ತು. ಅವನು ಕಣ್ಣು ಮುಚ್ಚಿ, ಗೋಡೆಗೆ ತಲೆಯಾನಿಸಿ, ಬೆಳಿಗ್ಗೆ ಬಾಯಿಗೆ ಬಾರದಿದ್ದುದನ್ನು ಮೆಲ್ಲಗೆ ಹೇಳಿಕೊಂಡ. ದೇವರೇ, ನನ್ನ ಅಕ್ಕ ನಿನ್ನ ಬಳಿಗೆ ಬಂದಿದ್ದಾಳೆ. ಬಹಳ ನಡೆದು ಬಂದಿದ್ದಾಳೆ, ದಣಿದಿದ್ದಾಳೆ, ಆದರೆ ಹೇಳುವವಳಲ್ಲ. ನೀನೇ ತಿಳಿದು ಕೂರಲು ಒಂದು ಜಾಗ ಕೊಡು. ಅವಳ ಹೆಜ್ಜೆಗಳು ನನ್ನ ಕಿವಿಗೆ ಬೀಳಲಿಲ್ಲ, ನಿನಗೆ ಒಂದೂ ತಪ್ಪಿಲ್ಲ. ಅವು ಎಷ್ಟೆಂದು ನನಗೆ ತಿಳಿಸಬೇಡ, ನನ್ನ ಬುದ್ಧಿ ನಿನಗೆ ಗೊತ್ತೇ ಇದೆ. ಅಲ್ಲಿ ಅವಳ ಉಸಿರು ಹಗುರವಾಗಲಿ. ಅಲ್ಲಿ ಯಾರೂ ಅವಳನ್ನು ಎಷ್ಟಾಯಿತು ಎಂದು ಕೇಳದಿರಲಿ. ತಂದೆಯೇ, ಅವಳಿಗೆ ಶಾಂತಿ ಕೊಡು.